ಒರತೆಯವರೆಗೆ ಬಂದ ಕರೆ

ಮೊನ್ನೆ ಇಲ್ಲಿ ಬಹರೇನಿನ ಸೆಗಯಾ ಪೇಟೆಯ ನೇಪಾಳಿ ಅಂಗಡಿಯಲ್ಲಿ ಶುಂಠಿ ಕೊಳ್ಳಲು ನಿಂತಿದ್ದೆ. ಗಲ್ಲಾದ ಪಕ್ಕದ ಬಟ್ಟಲಿನಲ್ಲಿ ಯಾವುದೋ ಒಣ ಸೊಪ್ಪಿನ ಹೊಗೆ ಏಳುತ್ತಿತ್ತು. ಊದುಬತ್ತಿಯದಲ್ಲ, ಇಲ್ಲಿನ ಅರಬರ ಬುಖೂರು ಧೂಪದ್ದೂ ಅಲ್ಲ; ಕಹಿಕಹಿಯಾದ, ಹಸಿ ಮರ ಸುಟ್ಟಂಥ ವಾಸನೆ. ಶುಂಠಿ ಮರೆತೇಹೋಯಿತು. ಎಂಟು ವರ್ಷದ ಹಿಂದೆ ನಮ್ಮ ಹಳೆಯ ಕಟ್ಟಡದ ಟೆರೇಸಿನಲ್ಲಿ ಇದೇ ಹೊಗೆ ನನ್ನ ಕಣ್ಣಿಗೆ ಹೋಗಿತ್ತು...

ಆ ಕಟ್ಟಡದ ಕಾವಲಿನವರನ್ನು ನಾವೆಲ್ಲ ದಾಯಿ ಎನ್ನುತ್ತಿದ್ದೆವು. ಅವರ ಭಾಷೆಯಲ್ಲಿ ಅಣ್ಣ ಎಂದರ್ಥ. ನೇಪಾಳದ ಬೆಟ್ಟದ ಊರಿನವರು. ಹೆಗಲ ಮೇಲೆ ನೀರಿನ ಕ್ಯಾನು ಹೊತ್ತು ನಾಲ್ಕು ಮಹಡಿ ಹತ್ತಿದರೂ ಏದುಸಿರು ಬಿಡದ ಮನುಷ್ಯ. ನನಗೋ, ಲಿಫ್ಟ್ ಕೆಟ್ಟ ಸುದ್ದಿ ಕೇಳಿದರೇ ಬೆವರು. ಅವರ ಬಲಗೈಗೆ ಸದಾ ಜಪಮಾಲೆ, ಕೋಣೆಯ ಗೋಡೆಯಲ್ಲಿ ಬುದ್ಧನ ಪಟ.

ಅವರ ತಂದೆ ಮಾತ್ರ ಊರಿನ ಬೊಂಬೊ. ಅಂದರೆ ಡೋಲು ಬಡಿದು, ದೇವರನ್ನು ಮೈಮೇಲೆ ಬರಿಸಿಕೊಂಡು, ರೋಗಿಯ ಮೈಬಿಟ್ಟು ಅಲೆಯಲು ಹೋದ ಜೀವವನ್ನು ಕರೆತರುವವರು. ಕರಾವಳಿಯವನಾದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೈಮೇಲೆ ದೈವ ಬಂದು ನುಡಿ ಕೊಡುವ ನಮ್ಮ ದರ್ಶನದ ಪಾತ್ರಿಗಳನ್ನು ನೋಡಿಯೇ ಬೆಳೆದವನು ನಾನು. ಬಹಳ ಹಿಂದೆ ಹಿಮದಾಚೆಯಿಂದ ಲಾಮಾಗಳು ಬುದ್ಧನನ್ನು ತಂದಾಗಲೂ ಬೊಂಬೊಗಳು ಓಡಿಹೋಗಲಿಲ್ಲವಂತೆ. ಕೆಲಸ ಹಂಚಿಕೊಂಡರು. ಉಸಿರಿರುವವರೆಗೆ ಬೊಂಬೊ, ಉಸಿರು ನಿಂತ ಮೇಲೆ ಲಾಮಾ. ಎಷ್ಟೋ ತಲೆಮಾರು ಹಾಗೇ ನಡೆಯಿತು. ಆಮೇಲೆ ಊರಿಗೆ ಹೊಸ ಮಠ ಬಂತು, ಪಟ್ಟಣದಲ್ಲಿ ಓದಿದ ಎಳೆಯ ಲಾಮಾ ಬಂದರು, ಬೊಂಬೊ ಪೂಜೆಗೆ ಕೋಳಿ ಕೊಯ್ಯುವುದು ಬೇಡ ಎಂದರು. ರಜೆಗೆ ಹೋಗಿದ್ದ ದಾಯಿಗೆ ಆ ಮಾತು ಹಿಡಿಸಿತು.

"ಲಾಮಾ ಬೇಡ ಅಂದಿದ್ದು ಕೋಳಿ ಮಾತ್ರ," ಎಂದು ಒಮ್ಮೆ ತಮ್ಮ ಹಿಂದಿಯಲ್ಲಿ ಹೇಳಿದರು. "ಡೋಲು ತೆಗೆದು ಮಠಕ್ಕೆ ಕೊಟ್ಟಿದ್ದು ನಾನು. ಅಪ್ಪ ಏನೂ ಅನ್ನಲಿಲ್ಲ ಸಾಬ್."

ಅದೇ ವರ್ಷ ತಂದೆ ಹಾಸಿಗೆ ಹಿಡಿದರು. ಆಸ್ಪತ್ರೆಯವರು ಮನೆಗೆ ಕಳಿಸಿದರು. ಮುದುಕ ಕೇಳಿದ್ದು ಒಂದೇ: ತನ್ನ ಜೀವವನ್ನು ಯಾರಾದರೂ ಕರೆಯಲಿ. ಬೊಂಬೊ ತನ್ನದನ್ನು ತಾನೇ ಕರೆದುಕೊಳ್ಳುವಂತಿಲ್ಲವಂತೆ. ಊರಿನಲ್ಲಿ ಬೇರೆ ಬೊಂಬೊ ಉಳಿದಿರಲಿಲ್ಲ. ಚಿಕ್ಕಂದಿನಲ್ಲಿ ಪಕ್ಕ ಕುಳಿತು ಕೇಳಿ ಕಲಿತವನು ಈ ಮಗ ಒಬ್ಬನೇ. ಅವನಿದ್ದದ್ದು ಬಹರೇನಿನಲ್ಲಿ, ಮುಂದಿನ ರಜೆ ಇನ್ನೊಂದು ವರ್ಷಕ್ಕೆ.

ಒಂದು ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಟೆರೇಸಿನಿಂದ ಧಬ್ ಧಬ್ ಎಂದು ಸದ್ದು ಶುರುವಾಯಿತು. ಇಡೀ ಕಟ್ಟಡ ಬಿರಿಯಾನಿ ತಿಂದು ಮಲಗಿದ ಹೊತ್ತು. ನೇಪಾಳದಲ್ಲಿ ಆಗ ಮುಸ್ಸಂಜೆ, ಜೀವ ಕರೆಯುವ ಹೊತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

"ಒಮ್ಮೆ ಹೋಗಿ ಹೇಳಿ ಬನ್ನಿ ಮಾರಾಯ್ರೆ, ಮಗುವಿಗೆ ಈಗಷ್ಟೆ ನಿದ್ದೆ ಬಂದದ್ದು," ಎಂದಳು ಹೆಂಡತಿ.

ಹೋದೆ. ದಾಯಿ ನೀರಿನ ಖಾಲಿ ಕ್ಯಾನನ್ನು ಬೋರಲು ಹಾಕಿಕೊಂಡು ಮರದ ಸೌಟಿನಿಂದ ಬಡಿಯುತ್ತಿದ್ದರು. ಎದುರಿಗೆ ತಟ್ಟೆ ತುಂಬ ಅಕ್ಕಿ, ಮೇಲೊಂದು ಮೊಟ್ಟೆ, ಅಕ್ಕಿಯಲ್ಲಿ ಹುಗಿದು ನಿಲ್ಲಿಸಿದ ಫೋನು. ಆಚೆ ಕಡೆ ಯಾರೋ ಎಳೆದೆಳೆದು ಉಸಿರಾಡುತ್ತಿದ್ದುದು ಕೇಳಿಸುತ್ತಿತ್ತು. ಪಕ್ಕದಲ್ಲಿ ಸೊಪ್ಪಿನ ಹೊಗೆ. ದಾಯಿ ಕಣ್ಣು ಮುಚ್ಚಿ ಒಂದೊಂದೇ ಹೆಸರು ಕೂಗುತ್ತಿದ್ದರು, ಹೆಸರಿಗೊಂದು ಪೆಟ್ಟು. ಮೈಯೆಲ್ಲ ನಡುಗುತ್ತಿತ್ತು.

ಮೆಲ್ಲಗೆ ಬಡಿಯಿರಿ ಎಂದಿದ್ದರೆ ಸಾಕಿತ್ತು. ನಾನು ಭುಜ ಹಿಡಿದು ಅಲುಗಿಸಿದೆ. "ದಾಯಿ, ಸಾಕು, ನಿಲ್ಸಿ. ಯಾರಾದ್ರೂ ಕಟ್ಟಡದ ಮಾಲೀಕ ಅರಬಾಬನಿಗೆ ಫೋನ್ ಮಾಡಿದ್ರೆ ನಿಮ್ಮ ಕೆಲಸ, ವೀಸಾ ಎಲ್ಲ ಹೋಗ್ತದೆ." ಅವರ ಒಳ್ಳೆಯದಕ್ಕೇ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ನಿದ್ದೆ ಬೇಕಿತ್ತು. ನಮ್ಮೂರಿನಲ್ಲಿ ದರ್ಶನ ಬಂದ ಪಾತ್ರಿಯನ್ನು ಯಾರಾದರೂ ಹೀಗೆ ತಡೆದಿದ್ದರೆ ಮೊದಲು ಜಗಳಕ್ಕೆ ಹೋಗುತ್ತಿದ್ದವನು ನಾನೇ.

ದಾಯಿ ಕಣ್ಣು ಬಿಟ್ಟರು. ಸೌಟು ಕೆಳಗಿಟ್ಟು, "ಸಾರಿ ಸಾಬ್," ಎಂದರು... ಫೋನಿನೊಳಗಿನಿಂದ ಒಂದು ಹೆಣ್ಣುದನಿ ಏನನ್ನೋ ಕೇಳುತ್ತಲೇ ಇತ್ತು.

ಮೂರನೆಯ ದಿನ ಅವರ ತಂದೆ ತೀರಿಕೊಂಡರು. ಮಾತಾಡಿಸಲು ಕೆಳಗಿಳಿದು ಹೋದೆ. ನನಗೇ ಚಹಾ ಮಾಡಿ ಕೊಟ್ಟರು. ಲಾಮಾ ಎಲ್ಲ ಚೆನ್ನಾಗಿ ಮಾಡಿಸಿದರು ಎಂದರು. ಆ ದಿನ ಕೂಗುತ್ತಿದ್ದ ಹೆಸರುಗಳು ಯಾವುವು ಎಂದು ಕೇಳಿದೆ. ಜಾಗಗಳಂತೆ. ಜೀವ ಅಲೆಯಲು ಹೋಗಿರಬಹುದಾದ ದೂರದ ಬೆಟ್ಟದಿಂದ ಹಿಡಿದು ಕಣಿವೆ, ಸೇತುವೆ, ಗದ್ದೆ ಎಂದು ಒಂದೊಂದನ್ನೂ ಹೆಸರಿಸುತ್ತ, ಮನೆಯ ಹೊಸಿಲವರೆಗೆ ಕರೆದು ತರಬೇಕಂತೆ.

"ಎಲ್ಲಿವರೆಗೆ ತಂದಿದ್ರಿ?"

"ಮನೆ ಕೆಳಗೆ ಒಂದು ಒರತೆ ಇದೆ. ಅಲ್ಲಿವರೆಗೆ." ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದು, "ವಯಸ್ಸಾಗಿತ್ತು ಸಾಬ್, ಹೇಗೂ ಹೋಗೋರೇ," ಎಂದು ನನ್ನನ್ನೇ ಸಮಾಧಾನ ಮಾಡಿದರು. ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡು ತಿಂಗಳಿಗೆ ಅವರು ಕೆಲಸ ಬಿಟ್ಟು ಊರಿಗೆ ಹೋದರು, ನಾವು ಸನದ್ ಬಡಾವಣೆಗೆ ಮನೆ ಬದಲಿಸಿದೆವು...

ಮೊನ್ನೆಯ ಅಂಗಡಿಯವನು ದಾಯಿಯ ಕಣಿವೆಯವನೇ. ವಿಚಾರಿಸಿದೆ. ಹೋದ ಚಳಿಗಾಲದಲ್ಲಿ ದಾಯಿ ಜ್ವರ ಬಂದು ತೀರಿಕೊಂಡರಂತೆ.

"ಡೋಲು ಬಡಿದು ಯಾರಾದ್ರೂ ಕರೆದ್ರಾ?"

"ಅದೆಲ್ಲ ಈಗ ಯಾರಿಗೆ ಬರ್ತದೆ ಸಾಬ್? ಲಾಮಾ ಬಂದಿದ್ರು."

ಒಂದು ಪೊಟ್ಟಣ ಸೊಪ್ಪು ಕೊಂಡುಕೊಂಡೆ. ಮನೆಯಲ್ಲಿ ಹಚ್ಚಿದರೆ, ಅಂದು ನಿದ್ದೆಯಲ್ಲಿದ್ದ ಮಗಳು ಮೂಗು ಮುಚ್ಚಿಕೊಂಡು, "ಪಪ್ಪಾ, ಏನದು ಸ್ಮೆಲ್, ಆಫ್ ಮಾಡಿ," ಎಂದಳು. ಬಾಲ್ಕನಿಗೆ ಒಯ್ದೆ. ಮೂರೂವರೆ ಆಗಿತ್ತು. ಒರತೆಯಿಂದ ಆ ಮನೆಯ ಹೊಸಿಲಿಗೆ ಇನ್ನು ಯಾವ ಯಾವ ಹೆಸರು ಬಾಕಿಯಿದ್ದವು ಎಂದು ನಾನು ಅವತ್ತು ಕೇಳಲೇ ಇಲ್ಲ. ಗೊತ್ತಿದ್ದರೆ ಅಪ್ಪ ಮಗ ಇಬ್ಬರಿಗೂ ಈಗ ನಾನೇ ಕೂಗುತ್ತಿದ್ದೆ.