ನಿಧಾನಕ್ಕೆ ತಿರುಗಿದ ಮೋಟಾರು

ಹುಲಿಕೆರೆಯ ಹುಚ್ಚಣ್ಣ ಅರಸೀಕೆರೆಯ ಎಣ್ಣೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಷಿಯನ್. ಅಲ್ಲಿ ಕೊಬ್ಬರಿ ಹಿಂಡಿಯಿಂದ ಎಣ್ಣೆ ಬಿಡಿಸುವ ದ್ರಾವಕದ ಆವಿ ಕಿಡಿಯೋ ಕಾವೋ ತಾಗಿದರೆ ಪೆಟ್ರೋಲಿನಂತೆ ಭಗ್ಗೆನ್ನುತ್ತದೆ. ಒಳಗೆ ಮೊಬೈಲೂ ಒಯ್ಯುವಂತಿಲ್ಲ. ಅಂದು ಬೆಳಿಗ್ಗೆ ಹೊಸ ಮ್ಯಾನೇಜರ್ ಹೇಮಂತ್ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಹಾಕಿಸಿ, ಹಿಂಡಿ ಸಾಗಿಸುವ ಮೋಟಾರಿನ ವೇಗವನ್ನು ಕಾಲುಭಾಗಕ್ಕೆ ಇಳಿಸಿದ್ದ.

"ನಿಧಾನ ಓಡಿದ್ರೆ ಮೋಟಾರ್ ತಣ್ಣಗಿರುತ್ತೆ" ಎಂದ.

ಮಧ್ಯಾಹ್ನ ಹುಚ್ಚಣ್ಣ ರೊಟ್ಟಿ ಹೆಂಚಿಗೆ ಚಿಮುಕಿಸುವಂತೆ ಮೋಟಾರಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದ. ಚುಂಯ್ ಎಂದಿತು. ತಕ್ಷಣ ಸ್ವಿಚ್ಚುಗಳಿದ್ದ ಹೊರಗಿನ ಕೋಣೆಗೆ ಓಡಿ ಕರೆಂಟು ತೆಗೆದ.

ಬೆವರುತ್ತ ಬಂದ ಹೇಮಂತ್, "ನಿಧಾನವಾಗೇ ತಿರುಗ್ತಿತ್ತಲ್ಲ?" ಎಂದ.

"ಹೊರೆ ಮೊದ್ಲಿನಷ್ಟೇ ಐತೆ. ಮೋಟಾರಿಗೆ ಗಾಳಿ ಹೊಡೆಯೋ ಫ್ಯಾನು ಅದರ ಬೆನ್ನಿಗೇ ಐತೆ ಕಣ್ರೀ!" ಹುಚ್ಚಣ್ಣ ಗದರಿದ. "ಅದೂ ನಿಧಾನಕ್ಕೇ ತಿರುಗ್ತಿತ್ತು."