ಪ್ರೇಮಕ್ಕ ಫಿನ್ಸ್ ಆರಿಸಿದ್ದು

ಗುತ್ತಿಗಾರಿನ ರಬ್ಬರ್ ಡಿಪೋದಲ್ಲಿ ಪ್ರೇಮಾವತಿ ಒಂದು ಶೀಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆಂದರೆ, ಅದನ್ನು ತಂದ ಬೆಳೆಗಾರ ಉಗುಳು ನುಂಗುತ್ತಾನೆ. ಗುಳ್ಳೆ ಇದೆಯೋ, ಮರಳು ಸೇರಿದೆಯೋ, ಹೊಗೆ ಸಾಲದೋ, ಎಲ್ಲ ಆ ಒಂದು ನೋಟಕ್ಕೆ ಸಿಕ್ಕಿಬೀಳುತ್ತದೆ. ಆಮೇಲೆ ಎರಡೂ ಕೈಯಲ್ಲಿ ಎಳೆದು, ಮೂಗಿಗೆ ಹಿಡಿದು, ದರ್ಜೆ ಹೇಳುತ್ತಾರೆ. ಹೇಳಿದ ಮೇಲೆ ಮುಗಿಯಿತು. ಸಿಟ್ಟು ಮಾಡಿಕೊಂಡು ಅದೇ ಶೀಟನ್ನು ಸುಳ್ಯಕ್ಕೆ ಹೊತ್ತುಕೊಂಡು ಹೋಗಿ, ಅಲ್ಲಿಯೂ ಅದೇ ದರ್ಜೆ ಕೇಳಿ ತೆಪ್ಪಗೆ ಮರಳಿದವರಿದ್ದಾರೆ. ಇಪ್ಪತ್ತಾರು ವರ್ಷ ಹೀಗೆ ನಡೆದರೆ ಯಾರಿಗಾದರೂ ಒಂದಿಷ್ಟು ಜಂಬ ಬರುತ್ತದೆ. ಪ್ರೇಮಕ್ಕನಿಗೂ ಬಂದಿದೆ. ಬರಲಿ ಬಿಡಿ, ಏನೂ ಇಲ್ಲದವರೇ ಎಷ್ಟು ಮೆರೆಯುತ್ತಾರೆ!

ಅವರ ಮಗಳು ದೀಪ್ತಿ ಪುತ್ತೂರಿನ ಈಜುಕೊಳವೊಂದರಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತಾಳೆ. ಅವಳ ಕಣ್ಣು ಮಾತ್ರ ಸಮುದ್ರದ ಮೇಲೆ. ಮುರುಡೇಶ್ವರದ ಕಡೆ ಪ್ರವಾಸಿಗರಿಗೆ ಸ್ನಾರ್ಕೆಲಿಂಗ್ ಮಾಡಿಸುವ ಒಂದು ತಂಡವಿದೆ. ಮುಖಕ್ಕೆ ಕನ್ನಡಕ, ಬಾಯಿಗೆ ನಳಿಗೆ ಹಾಕಿಸಿ, ಬೋರಲಾಗಿ ತೇಲಿಸಿ ಮೀನು ತೋರಿಸುವ ಕೆಲಸ. ಅಲ್ಲಿಗೆ ಸೇರಬೇಕಾದರೆ ಒಂದು ಪರೀಕ್ಷೆ: ಸುಸ್ತಾದವರಂತೆ ಮೈಬಿಟ್ಟ ಒಬ್ಬರನ್ನು ಸಮುದ್ರದಲ್ಲಿ ನೂರು ಮೀಟರು ಎಳೆದು ತರಬೇಕು. ಕಾಲಿಗೆ ಹಾಕುವ ಫಿನ್ಸ್, ಅಂದರೆ ಆ ಬಾತುಕೋಳಿಯ ಪಾದದಂಥದ್ದು, ಅವರವರೇ ತರಬೇಕು.

ಫಿನ್ಸ್ ಕೊಳ್ಳಲು ಮಂಗಳೂರಿಗೆ ಹೊರಟಾಗ ಪ್ರೇಮಕ್ಕ ತಾವಾಗಿಯೇ ಬಸ್ಸು ಹತ್ತಿದರು. ರಬ್ಬರಿನ ವಿಷಯ, ತಾನಿಲ್ಲದೆ ಆಗುವುದುಂಟೇ?

ಅಂಗಡಿಯಲ್ಲಿ ಮೂರು ಬಗೆಯವು ತೂಗುತ್ತಿದ್ದವು. ಆಳಕ್ಕೆ ಮುಳುಗುವವರಿಗೆ ಮಾರುದ್ದದ್ದು. ಹಲಗೆಯಿಲ್ಲದೆ ಅಲೆಯ ಮೇಲೆ ಮೈಚಾಚಿ ಜಾರುವವರಿಗೆ ದಪ್ಪ ರಬ್ಬರಿನ ಗಿಡ್ಡನೆಯದ್ದು. ನಡುವಿನದ್ದರಲ್ಲಿ ಪಾದ ಹೊಗಿಸುವ ಭಾಗ ಮೆತ್ತನೆಯ ರಬ್ಬರು, ಮುಂದಿನ ರೆಕ್ಕೆ ಪ್ಲಾಸ್ಟಿಕ್ಕು. ಪ್ರೇಮಕ್ಕ ಗಿಡ್ಡದ್ದನ್ನು ಬಗ್ಗಿಸಿದರು, ಉಗುರು ಒತ್ತಿದರು, ಮೂಸಿದರು. ಮುಖ ಅರಳಿತು.

"ಇದು ನೋಡು ದೀಪ್ತಿ, ಎಂಥ ಮಾಲು ಉಂಟು! ಒಂದು ಚೂರು ಕಲಬೆರಕೆ ಇಲ್ಲ."

"ಅವ್ವ, ಆ ನಡುವಿನದ್ದು ಆಗ್ತದೋ ಏನೋ."

"ಪ್ಲಾಸ್ಟಿಕ್ಕಾ? ನಾವು ರಬ್ಬರಿನವರು ಮಾರಾಯ್ತಿ. ಮರ್ಯಾದೆ ಬೇಡ್ವಾ?"

ಗಿಡ್ಡದ್ದೇ ಮನೆಗೆ ಬಂತು.

ಪರೀಕ್ಷೆಯ ದಿನ ಅರವತ್ತು ಮೀಟರು ದಾಟುವುದರೊಳಗೆ ದೀಪ್ತಿಯ ಮೀನಖಂಡ ಹಿಡಿದುಕೊಂಡಿತು. ತಾನು ಎಳೆದು ತರುತ್ತಿದ್ದವರನ್ನು ಬಿಟ್ಟು ಅವಳೇ ದೋಣಿ ಹಿಡಿಯಬೇಕಾಯಿತು. ತಂಡದ ತರಬೇತುದಾರಳು ಇರ್ಫಾನಾ ಆ ಫಿನ್ಸನ್ನು ತಿರುಗಿಸಿ ನೋಡಿದಳು. "ಮಾಲು ಒಳ್ಳೇದುಂಟು. ಆದ್ರೆ ಇದು ಅಲೆ ಹಿಡಿಯುವವರದ್ದು. ಅವರು ಎರಡು ನಿಮಿಷ ಜೋರು ಒದ್ದರೆ ಸಾಕು. ನಿನ್ನದು ಭಾರ ಎಳೆದುಕೊಂಡು ದೂರ ಹೋಗುದು. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಬಾ. ಆಮೇಲೆ ಈ ವರ್ಷ ಅವಕಾಶ ಇಲ್ಲ."

ಮನೆಗೆ ಬಂದ ಮಗಳು "ಕಾಲು ಹಿಡ್ಕೊಂಡಿತು" ಎಂದಷ್ಟೇ ಹೇಳಿದಳು.

"ತಪ್ಪು ಕಾಲಿನದ್ದಾ, ನನ್ನದಾ?" ಪ್ರೇಮಕ್ಕ ಕೇಳಿದರು.

ದೀಪ್ತಿ ನೆಲ ನೋಡಿದಳು. ಶೀಟಿನಲ್ಲಿ ಹುಳುಕಿದೆ ಎಂದು ಗೊತ್ತಿರುವ ಬೆಳೆಗಾರರೂ ಹೀಗೆಯೇ ನೆಲ ನೋಡುತ್ತಾರೆ. ಪ್ರೇಮಕ್ಕನಿಗೆ ಬೇರೆ ಉತ್ತರ ಬೇಕಾಗಲಿಲ್ಲ.

ಮರುದಿನ ಡಿಪೋದಲ್ಲಿ ಅವರು ಎಲ್ಲರೆದುರು ಹೇಳಿಬಿಟ್ಟರು: "ನಾನು ಒಂದು ಮಾಲು ತಪ್ಪು ನೋಡಿದೆ. ಮಗಳ ಪರೀಕ್ಷೆ ಹೋಯ್ತು." ಈ ಮಾತಿಗಾಗಿ ಕಾಲು ಶತಮಾನ ಕಾದಿದ್ದ ಬೆಳೆಗಾರ ಅಚ್ಚುತಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. "ಹಾಗಾದ್ರೆ ನನ್ನ ಮೊನ್ನೆಯ ಶೀಟು ಇನ್ನೊಮ್ಮೆ ನೋಡುವನಾ ಪ್ರೇಮಕ್ಕ?"

"ಕೂತ್ಕೊಳ್ಳಿ ಮಾರಾಯ್ರೆ. ಶೀಟಿನಲ್ಲಿ ನನಗೆ ತಪ್ಪಿಲ್ಲ. ಕಾಲಿನಲ್ಲಿ ತಪ್ಪಿದ್ದು."

ಹಾಗೆಂದವರು ಸುಮ್ಮನೆ ಕೂರುವ ಪೈಕಿಯಲ್ಲ. ಇರ್ಫಾನಾಳಿಗೆ ತಾವೇ ಫೋನು ಮಾಡಿ, ಮೂರೂ ಬಗೆಯ ಹಳೆಯ ಜೊತೆಗಳನ್ನು ಬಸ್ಸಿನಲ್ಲಿ ಕಳಿಸಿ ಎಂದು ಕೇಳಿ ತರಿಸಿಕೊಂಡರು. ಭಾನುವಾರ ಬೆಳಿಗ್ಗೆ, ಮಕ್ಕಳು ಬರುವ ಮೊದಲೇ, ತಾಯಿ ಮಗಳು ಪುತ್ತೂರಿನ ಕೊಳದ ದಂಡೆಯಲ್ಲಿದ್ದರು. ಪ್ರೇಮಕ್ಕ ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ಮೆಟ್ಟಿಲು ಹಿಡಿದು ನೀರಿಗೆ ಇಳಿಯತೊಡಗಿದರು.

"ಅವ್ವ, ನಿಮಗೆ ಈಜು ಬರುದಿಲ್ಲ!"

"ಬರುದಿಲ್ಲ, ಅದಕ್ಕೇ ಇಳಿಯುದು. ಮುಟ್ಟಿ ನೋಡದೆ ನಾನು ಯಾವ ಮಾಲಿಗೂ ದರ್ಜೆ ಹೇಳಿದವಳಲ್ಲ. ನನ್ನನ್ನು ಎಳಿ."

ಐವತ್ತಮೂರು ವರ್ಷದ ಆ ಹೆಂಗಸು, ಕುತ್ತಿಗೆಯವರೆಗಿನ ನೀರು ಕಂಡರೆ ನಡುಗುವವರು, ಮಗಳ ತೋಳಿನ ಮೇಲೆ ಅಂಗಾತ ಮಲಗಿ ಮೈಬಿಟ್ಟರು. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿದ್ದರು. ಗಿಡ್ಡ ಫಿನ್ಸಿನಲ್ಲಿ ದೀಪ್ತಿ ಪಟಪಟ ಒದೆಯಬೇಕಾಗುತ್ತಿತ್ತು, ಉಸಿರು ಬೇಗ ಬೇಗ ಬರುತ್ತಿತ್ತು. ಉದ್ದದ್ದರಲ್ಲಿ ಒಮ್ಮೆ ಜಗ್ಗಿದಂತೆ, ಒಮ್ಮೆ ನಿಂತಂತೆ, ಮಗಳ ತೊಡೆ ಕಲ್ಲಾಗುತ್ತಿರುವುದು ಬೆನ್ನಿಗೇ ತಿಳಿಯುತ್ತಿತ್ತು. ಮೂರನೆಯದು, ಆ ನಡುವಿನದ್ದು, ಹಾಕಿದಾಗ ಏನೂ ತಿಳಿಯಲಿಲ್ಲ. ಶೀಟು ರೋಲರಿನಲ್ಲಿ ಹೋದ ಹಾಗೆ ನುಣ್ಣಗೆ, ಒಂದೇ ಸಮ ಸಾಗಿದರು. ಪ್ರೇಮಕ್ಕ ಕಣ್ಣು ತೆರೆದು ನೋಡಿದರೆ ಕೊಳದ ಇನ್ನೊಂದು ದಂಡೆ ಬಂದಿತ್ತು.

"ಇದೇ," ಎಂದರು. ಆಮೇಲೆ ಕಹಿ ಮಾತ್ರೆ ನುಂಗಿದವರಂತೆ, "ಪ್ಲಾಸ್ಟಿಕ್ಕಾದ್ರೆ ಪ್ಲಾಸ್ಟಿಕ್ಕು" ಎಂದು ಸೇರಿಸಿದರು.

ಎರಡು ದಿನ ಬಿಟ್ಟು ಮತ್ತೆ ಅದೇ ಅಂಗಡಿ. ಈ ಸಲ ಪ್ರೇಮಕ್ಕ ಚಪ್ಪಲಿಯ ನಂಬರನ್ನು ನಂಬಲಿಲ್ಲ. ಮಗಳ ಪಾದ ಒದ್ದೆ ಮಾಡಿಸಿ ಹಾಕಿಸಿದರು, ಬೆರಳು ಮಡಚದಂತೆ, ಹಿಮ್ಮಡಿ ಜಾರದಂತೆ, ಕಾಲು ಕೊಡವಿದರೂ ಅಲ್ಲಾಡದಂತೆ ಇರುವ ಜೊತೆ ಸಿಗುವವರೆಗೆ ಅಂಗಡಿಯವನನ್ನು ಕೂರಲು ಬಿಡಲಿಲ್ಲ. ಅವನು ಬೆವರು ಒರೆಸಿಕೊಂಡ.

ಎರಡನೆಯ ಪರೀಕ್ಷೆಗೆ ಎಳೆಯಬೇಕಾದವನು ಎಂಬತ್ತೈದು ಕಿಲೋದ ಆಳು. ಪ್ರೇಮಕ್ಕ ಮರಳಿನಲ್ಲಿ ಕೂರಲಾರದೆ ನಿಂತೇ ಇದ್ದರು. ಅರವತ್ತು ಮೀಟರಿನ ಗುರುತು ಬಂದಾಗ ಅವರ ಮೀನಖಂಡವೇ ಹಿಡಿದುಕೊಂಡಿತು. ದೀಪ್ತಿಯದು ಹಿಡಿಯಲಿಲ್ಲ. ನೂರಕ್ಕೆ ಇರ್ಫಾನಾ ಸೀಟಿ ಊದಿದಳು. ಹುಡುಗಿ ನಿಲ್ಲಿಸಲಿಲ್ಲ, ಹೇಗೂ ಇಲ್ಲಿಯವರೆಗೆ ತಂದಾಯಿತಲ್ಲ ಎಂಬಂತೆ ಅವನನ್ನು ದಡದವರೆಗೂ ತಂದು ಮರಳಿಗೆ ಮುಟ್ಟಿಸಿದಳು. "ಪಾಸು, ಪಾಸು, ಬಿಡು ಅವನನ್ನು!" ಎಂದು ಇರ್ಫಾನಾ ದೋಣಿಯಿಂದ ಕೂಗಿದಳು.

ಪ್ರೇಮಕ್ಕನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಹೆಮ್ಮೆ ಅಂದರೆ ಅದು. ಇಪ್ಪತ್ತಾರು ವರ್ಷ ಡಿಪೋದಲ್ಲಿ ಪಟ್ಟದ್ದು ಇದರ ಮುಂದೆ ಏನೂ ಅಲ್ಲ ಎಂದು ಅವರಿಗೇ ಅನಿಸಿತು.

ಆ ದಢೂತಿ ಆಳು ಮರಳು ಕೊಡವುತ್ತ ಎದ್ದು ಅವರ ಹತ್ತಿರ ಬಂದ. "ಅಮ್ಮ, ಎಂತ ಎಳೆತ ಅದು! ಒಂದು ಹನಿ ನೀರು ನನ್ನ ಬಾಯಿಗೆ ಹೋಗ್ಲಿಲ್ಲ. ಯಾರ ಮಗಳು?"

"ನನ್ನವಳು," ಎಂದರು ಪ್ರೇಮಕ್ಕ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ನೀನು ಎರಡನೆಯವನು ಮಾರಾಯ. ಮೊದಲು ದಂಡೆ ಮುಟ್ಟಿಸಿದ್ದು ನನ್ನನ್ನು."