ಗೃಹಪ್ರವೇಶದ ಫೋಟೊ

ಆಸ್ಟಿನ್‌ನಲ್ಲಿ ಕಾನೂನು ಓದಿ, ಡಲ್ಲಾಸ್‌ನ ಒಂದು ಸಣ್ಣ ಕಚೇರಿಗೆ ಕಿರಿಯ ವಕೀಲೆಯಾಗಿ ಸೇರಿದ್ದೆ. ಕ್ರಿಮಿನಲ್ ಮತ್ತು ಕೌಟುಂಬಿಕ ಪ್ರಕರಣಗಳು ನಮ್ಮ ಕೆಲಸ. ಕೋರ್ಟಿಗೆ ಹೋಗುವ ದಿನ ಬೆಳಿಗ್ಗೆ ನಾನು ಏನನ್ನೂ ತಿನ್ನುತ್ತಿರಲಿಲ್ಲ. ಆದರೂ ನಿಜವಾದ ಹೆದರಿಕೆ ಗೊತ್ತಾದದ್ದು ಡಲ್ಲಾಸ್ ಪಕ್ಕದ ಫ್ರಿಸ್ಕೋದ ಒಬ್ಬ ಹೆಂಗಸಿನ ಪ್ರಕರಣದಲ್ಲಿ.

ಆಕೆ ಹುಬ್ಬಳ್ಳಿಯವಳು. ಗಂಡ ಗೋಡೆಗೆ ಒತ್ತಿ ಕುತ್ತಿಗೆ ಅದುಮಿದ್ದ. ಆತ ಮನೆಯ ಹತ್ತಿರ ಸುಳಿಯದಂತೆ ರಕ್ಷಣಾ ಆದೇಶ ಕೇಳಿದ್ದೆವು. ಸಿಗದಿದ್ದರೆ ಆತ ವಿಚಾರಣೆಯ ದಿನ ಸಂಜೆಯೇ ಮನೆಗೆ ಬರುತ್ತಿದ್ದ. ನನ್ನ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದರು. ನಾನೊಬ್ಬಳೇ ಹೋದೆ.

ಕಾರಿಡಾರಿನಲ್ಲಿ ಆಕೆಯ ಅತ್ತೆ ನನ್ನನ್ನು ತಡೆದರು.

"ಕನ್ನಡದ ಹುಡುಗಿ ಆಗಿ ಮನಿ ಮುರಿಯೂ ಕೆಲಸ ಮಾಡ್ತೀಯೇನ? ಮದುವಿ ಆಗೇದೇನ ನಿಂದು?"

"ಇಲ್ಲ ಆಂಟಿ."

"ಅದಕ್ಕ!"

ಒಳಗೆ ಎದುರು ವಕೀಲರು ನ್ಯಾಯಾಧೀಶರಿಗೂ ನನಗೂ ಒಂದು ಫೋಟೊ ಕೊಟ್ಟರು. ಹೊಸ ಮನೆಯ ಹೋಮ. ಗಂಡನ ಪಕ್ಕದಲ್ಲಿ ರೇಷ್ಮೆ ಸೀರೆ, ಮಲ್ಲಿಗೆ ಮುಡಿದ ನನ್ನ ಕಕ್ಷಿದಾರೆ. ಕುತ್ತಿಗೆ ಅದುಮಿದ ನಂತರ, ಅದೇ ವಾರ ತೆಗೆದದ್ದು.

"ಇದನ್ನ ಯಾಕೆ ಹೇಳಲಿಲ್ಲ?" ಎಂದು ಪಿಸುಗುಟ್ಟಿದೆ.

"ಅದು ಪೂಜಾ ಅಲ್ರೀ ಮೇಡಂ? ಇದಕ್ಕೂ ಅದಕ್ಕೂ ಏನ್ ಸಂಬಂಧ? ಮುಹೂರ್ತ ಮೊದ್ಲೇ ಇಟ್ಟಿದ್ರು. ನಾ ಕೂಡಲಿಲ್ಲ ಅಂದ್ರ ಹೋಮ ನಡೀತದೇನ್ರೀ?"

ನನಗೆ ಅರ್ಥವಾಯಿತು. ನ್ಯಾಯಾಧೀಶರಿಗೆ ಅರ್ಥವಾಗುವಂತಿರಲಿಲ್ಲ. "ಹೆದರಿದ ಹೆಂಗಸು ಹೀಗೆ ಸಿಂಗರಿಸಿಕೊಂಡು ಪಕ್ಕದಲ್ಲಿ ಕೂರುತ್ತಾಳೆಯೇ?" ಎಂದು ಎದುರು ವಕೀಲರು ಕೇಳಿದಾಗ, ನ್ಯಾಯಾಧೀಶರು ಫೋಟೊವನ್ನು ಬಹಳ ಹೊತ್ತು ನೋಡಿದರು.

ನನ್ನ ಸರದಿ ಬಂತು. ಕಕ್ಷಿದಾರೆಯನ್ನು ಸಾಕ್ಷಿಕಟ್ಟೆಗೆ ಕರೆದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೋರ್ಟಿನಲ್ಲಿ ಕೇಳಬೇಡ ಎಂದು ಸೀನಿಯರ್ ಮೊದಲ ದಿನವೇ ಹೇಳಿದ್ದರು. ನನ್ನ ಬಳಿ ಉತ್ತರ ಗೊತ್ತಿರುವ ಪ್ರಶ್ನೆ ಒಂದೂ ಇರಲಿಲ್ಲ. ಫೋಟೊವನ್ನೇ ಮತ್ತೆ ನೋಡಿದೆ. ಗಂಡ ಬೆಂಕಿಗೆ ತುಪ್ಪ ಹಾಕುತ್ತಿದ್ದ. ಹೂಸ್ಟನ್‌ನ ನಮ್ಮ ಮನೆಯಲ್ಲಿ ಹೋಮವಾದಾಗಲೆಲ್ಲ, ಅಪ್ಪ ಆಹುತಿ ಹಾಕುವಾಗ ಅಮ್ಮ ಅವರ ಬಲತೋಳನ್ನು ಮುಟ್ಟಿಕೊಂಡಿರುತ್ತಿದ್ದಳು. ಮುಟ್ಟಲೇಬೇಕು. ಈಕೆಯ ಎರಡೂ ಕೈ ಮಡಿಲಲ್ಲಿದ್ದವು.

ಫೋಟೊ ತೆಗೆಯುವ ಹೊತ್ತಿಗೆ ಆಗಷ್ಟೇ ಕೈ ತೆಗೆದಿದ್ದರೆ? ಹಾಗೆಂದು ಆಕೆ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು. ಆ ಪದ್ಧತಿ ಏನೆಂದು ಮೊದಲು ಆಕೆಯಿಂದಲೇ ವಿವರವಾಗಿ ಹೇಳಿಸಿದೆ. ಆಮೇಲೆ ಕೇಳಿದೆ: "ಇಲ್ಲಿ ನಿಮ್ಮ ಕೈ ಯಾಕೆ ಅವರ ತೋಳಿನ ಮೇಲಿಲ್ಲ?"

ಆಕೆ ಫೋಟೊವನ್ನು ಕೈಗೆತ್ತಿಕೊಂಡಳು. ನಾನು ಮೇಜಿನ ಅಂಚನ್ನು ಹಿಡಿದು ನಿಂತಿದ್ದೆ.

"ಮುಟ್ಟಿ ಅಂತ ಪುರೋಹಿತರು ಎರಡು ಸಲ ಹೇಳಿದರು," ಎಂದಳು ಇಂಗ್ಲಿಷಿನಲ್ಲಿ. "ನನ್ನಿಂದ ಆಗಲಿಲ್ಲ. ನನ್ನ ಕುತ್ತಿಗೆಯ ಮೇಲೆ ಇಟ್ಟದ್ದು ಅದೇ ತೋಳು."

ಆದೇಶ ಸಿಕ್ಕಿತು. ನಾವು ಹೊರಡುವ ತನಕ ಕೋರ್ಟಿನ ಸಿಬ್ಬಂದಿ ಗಂಡನನ್ನು ಒಳಗೇ ನಿಲ್ಲಿಸಿಕೊಂಡರು. ಪಾರ್ಕಿಂಗ್‌ನಲ್ಲಿ ಆಕೆ ಕೇಳಿದಳು:

"ಇನ್ನ ಅವ್ರು ಬರೂದಿಲ್ಲಲ್ರೀ?"

"ಬಂದ್ರೆ ತಕ್ಷಣ ಪೊಲೀಸ್‌ಗೆ ಫೋನ್ ಮಾಡಿ. ಅರೆಸ್ಟ್ ಮಾಡ್ತಾರೆ."

"ಅಂದ್ರ ಬರಬಹುದು."

ಮೊದಲು ಬೀಗ ಬದಲಾಯಿಸೋಣ ಎಂದು ಹೇಳಿ, ಆಕೆಯ ಕಾರಿನ ಹಿಂದೆಯೇ ಹೊರಟೆ. ಟೋಲ್ ರಸ್ತೆಯುದ್ದಕ್ಕೂ ಕನ್ನಡಿಯಲ್ಲಿ ಹಿಂದಿನ ಕಾರುಗಳನ್ನು ನೋಡುತ್ತಲೇ ಇದ್ದೆ.